ಕಾಕಾ ಮಾಡಿಸಿದ ಹಾಡುಹಗಲ ಕ್ರಿಸ್‌ಮಸ್

ಕ್ರಿಸ್‌ಮಸ್ ಹಬ್ಬವನ್ನು ಹಾಡುಹಗಲು ಮೂರು ಗಂಟೆಗೆ, ಅದೂ ಹಣೆತುಂಬ ವಿಭೂತಿ ಹಚ್ಚಿಕೊಂಡು, ಮುಂದೆ ನಿಂತು ಮಾಡಿಸಿದ ಮಹಾನುಭಾವರು ಈ ಭೂಮಿಯ ಮೇಲೆ ಎಷ್ಟು ಜನ ಇದ್ದಾರು? ನನಗೆ ಗೊತ್ತಿರುವಂತೆ ಒಬ್ಬರೇ. ಅವರು ನಮ್ಮ ಯಜಮಾನರ ಕಾಕಾ. ನಾನು ಶಿಗ್ಗಾಂವಿಯಿಂದ ಸವಣೂರಿಗೆ ಸೊಸೆಯಾಗಿ ಬರುವಾಗ ನನ್ನ ತವರಿನವರು ಗಂಡಿನ ಗುಣ, ಅತ್ತೆಯ ಗುಣ, ಮನೆಯ ಬಾವಿಯ ನೀರಿನ ಗುಣ ಎಲ್ಲವನ್ನೂ ವಿಚಾರಿಸಿದ್ದರು. ಈ ಕಾಕಾರ ಗುಣವನ್ನು ಮಾತ್ರ ಯಾರೂ ವಿಚಾರಿಸಿರಲಿಲ್ಲ. ಯಾರಾದರೂ ಹೇಳಿದ್ದರೂ ನಾವು ನಂಬುತ್ತಿರಲಿಲ್ಲ ಬಿಡಿ!

ಕಾಕಾರಿಗೆ ಲೋಕದಲ್ಲಿ ಆಗದ ಮಾತು ಒಂದೇ ಒಂದು: ‘ಒಗದ ಬಿಡ್ರಿ.’ ಅವರ ಕೈಗೆ ಬಂದ ವಸ್ತು ಯಾವುದೂ ಕಸವಾಗಿ ಹೊರಗೆ ಹೋಗುತ್ತಿರಲಿಲ್ಲ. ಹಲ್ಲುಜ್ಜಿದ ಬೇವಿನ ಕಡ್ಡಿ ಬದನೆ ಸಸಿಗೆ ಆಸರೆ. ಮುಖ ತೊಳೆದ ನೀರು ಬಾಳೆಗೆ. ಸೋಸಿದ ಚಹಾಪುಡಿ ಗುಲಾಬಿಗೆ. ನನ್ನ ಮದುವೆಯ ಊಟದ ದಿನ ಒಬ್ಬ ಹಿರಿಯರು ಬುಟ್ಟಿ ಹಿಡಿದುಕೊಂಡು ಪಂಕ್ತಿಯ ತುದಿಯಲ್ಲಿ ನಿಂತು, ಉಣ್ಣುತ್ತಿದ್ದ ನಮ್ಮ ಸೋದರಮಾವನ ಬಾಳೆಯೆಲೆಯನ್ನೇ ದಿಟ್ಟಿಸುತ್ತಿದ್ದರು. ಮಾವನಿಗೆ ಮುಜುಗರವಾಯಿತು.

“ಯಾಕ್ರಿ, ಏನ ಬೇಕಾಗಿತ್ರಿ?”

“ಏನಿಲ್ಲರಿ, ಎಲಿ ಬೇಕಾಗಿತ್ತು. ಗೊಬ್ಬರಕ್ಕ.”

“ನಂದಿನ್ನಾ ಮಜ್ಜಿಗಿ ಅನ್ನ ಆಗಿಲ್ಲರೀ!”

“ಆಗಲಿ, ಆಗಲಿ. ನಾ ಕಾಯತೇನಿ.”

ಮಾವ ಅಂದು ಮಜ್ಜಿಗೆ ಅನ್ನ ಬಿಟ್ಟೇ ಎದ್ದರು. ಇಂಥ ಕಾಕಾ ಮದುವೆಯಾಗಿರಲಿಲ್ಲ. ಮದುವೆಯೆಂದರೆ ಹಂದರ, ಹಂದರವೆಂದರೆ ಹಸಿರು ಟೊಂಗೆ ಕಡಿಯಬೇಕು, ಅದಕ್ಕೇ ಬೇಡ ಎಂದರಂತೆ ಎಂದು ಊರವರು ನಗುತ್ತಿದ್ದರು. ಕಾಕಾ ಆ ಮಾತನ್ನು ಒಮ್ಮೆಯೂ ಅಲ್ಲಗಳೆದವರಲ್ಲ.

ಮನೆಯ ಹಿಂದೆಯೇ ನಮ್ಮ ಎಲೆಬಳ್ಳಿಯ ತೋಟ. ವೀಳ್ಯದೆಲೆಯ ತೋಟದೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ಅದು ನಮ್ಮ ಕಡೆಯ ನೇಮ. ಹೊತ್ತು ಮುಳುಗಿದ ಮೇಲೆ ಗಿಡ ಮುಟ್ಟುವಂತಿಲ್ಲ, ಯಾಕೆಂದರೆ ಗಿಡ ಮಲಗಿರುತ್ತದೆ. ಇದೂ ಹಳೆಯ ನೇಮವೇ. ಉಳಿದವರು ಹೂ ಕೀಳುವುದನ್ನು ಬಿಟ್ಟರೆ ಸಾಕು, ನೇಮ ಮುಗಿಯಿತು. ಕಾಕಾರ ಲೆಕ್ಕ ಬೇರೆ. ಸಂಜೆಯಾದ ಮೇಲೆ ತೋಟದಲ್ಲಿ ಯಾರಾದರೂ ಕೆಮ್ಮಿದರೂ “ಹೊರಗ ಹೋಗಿ ಕೆಮ್ಮರಿ” ಎನ್ನುತ್ತಿದ್ದರು. ನಾನು ಆಗ ಹೊಸ ಸೊಸೆ, ಬಿಸಿ ರಕ್ತ. ಬೇಕೆಂದೇ ಹಿತ್ತಲ ಬಾಗಿಲಲ್ಲಿ ನಿಂತು “ಕಾಕಾರ, ಚಹಾ!” ಎಂದು ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗುತ್ತಿದ್ದೆ. ಕಾಕಾ ತುಟಿಯ ಮೇಲೆ ಬೆರಳಿಟ್ಟುಕೊಂಡು ಓಡಿ ಬರುತ್ತಿದ್ದರು.

ತೋಟದ ಬಾಯಿಗೆ, ಬಾವಿಯ ಪಕ್ಕ ಒಂದು ಚೊಗಚಿ ಗಿಡವಿತ್ತು. ಎಲೆಬಳ್ಳಿಗೆ ಆಸರೆಯೆಂದು ಬೆಳೆಸುವ ಗಿಡವದು. ಉದ್ದ ಮೈ, ಹುಣಸೆಯ ಹಾಗೆ ಸಣ್ಣ ಸಣ್ಣ ಎಲೆ, ತೂಗಾಡುವ ಬಿಳಿ ಹೂ. ಆದರೆ ಈ ಒಂದು ಗಿಡಕ್ಕೆ ಕಾಕಾ ಬಳ್ಳಿ ಹಬ್ಬಿಸಿರಲಿಲ್ಲ. ‘ಇದಕ್ಕ ಭಾರ ಹೊರಸೂದ ಬ್ಯಾಡ’ ಎಂದು ಅದನ್ನು ಮಗಳ ಹಾಗೆ ಇಟ್ಟುಕೊಂಡಿದ್ದರು.

ಹೀಗಿರುವಾಗ, ಎಪ್ಪತ್ತರ ದಶಕದ ಕೊನೆಗೆ, ನಮ್ಮ ಮನೆಯ ಮುಂದಿನ ಎರಡು ಖೋಲಿಗೆ ಸರಕಾರಿ ದವಾಖಾನೆಯ ನರ್ಸಬಾಯಿ ಬಾಡಿಗೆಗೆ ಬಂದರು. ಹುಬ್ಬಳ್ಳಿಯ ಕ್ರಿಶ್ಚಿಯನ್ನರು, ಒಂಟಿ ಹೆಂಗಸು, ಬಾಯಿ ಜೋರು, ಕೈ ಹಗುರ. ಹಿಂದಿನ ವರ್ಷವಷ್ಟೇ ತಂದೆ ತೀರಿಕೊಂಡಿದ್ದರು. ಡಿಸೆಂಬರ್ ಬಂದಾಗ ಅವರಿಗೆ ರಜೆ ಸಿಗಲಿಲ್ಲ. ಊರಲ್ಲಿ ಹೆರಿಗೆಗಳು ಹಬ್ಬ ನೋಡಿ ನಿಲ್ಲುತ್ತವೆಯೇ? ಹಬ್ಬವನ್ನು ಇಲ್ಲೇ ಮಾಡುತ್ತೇನೆಂದು ನಿರ್ಧರಿಸಿ ಅವರು ಕಾಕಾರ ಬಳಿ ಬಂದು ಒಂದು ಸಣ್ಣ ಬೇಡಿಕೆ ಇಟ್ಟರು.

“ಕಾಕಾರ, ಬಾವಿ ಹಂತ್ಯಾಕಿನ ಗಿಡದ್ದು ಒಂದ ಟೊಂಗಿ ಕಡದ ಕೊಡ್ರಿ. ಮನಿಯೊಳಗ ನಿಲ್ಲಸಿ ಸಿಂಗಾರ ಮಾಡಬೇಕು.”

ಕಾಕಾರ ಮುಖ ನೋಡಬೇಕಿತ್ತು! ಬಾಯಿಯವರು ಅವರ ಬಲಗೈ ಕೇಳಿದ್ದರೂ ಅಷ್ಟು ಕಪ್ಪಿಡುತ್ತಿರಲಿಲ್ಲ.

“ಎಷ್ಟ ದಿನಕ್ಕ ಬೇಕ್ರಿ ಬಾಯಾರ?”

“ಒಂದ ಎಂಟ ದಿನ.”

“ಆಮ್ಯಾಲೆ?”

“ಆಮ್ಯಾಲೇನ್ರಿ, ಒಣಗತೈತಿ. ಒಗಿಯೂದು.”

ಆಗದ ಮಾತು ಬಂದೇಬಿಟ್ಟಿತು! ಕಾಕಾ ಕುಳಿತಲ್ಲಿಂದ ಎದ್ದು ನಿಂತರು. “ನಿಮ್ಮ ಸ್ವಾಮಿ ಹುಟ್ಟಿದ ದಿನಾ ಹೌದಿಲ್ಲೋ ಅದು? ಹೆರಿಗಿ ಮನಿಯೊಳಗ ಯಾರರೆ ಕೊಡ್ಲಿ ತರತಾರೇನ್ರಿ? ನೀವ ನರ್ಸ ಇದ್ದು ಹಿಂಗಂದ್ರ ಹ್ಯಾಂಗ?”

ನರ್ಸಬಾಯಿಯ ಮುಖ ಸಣ್ಣದಾದದ್ದನ್ನು ಕಾಕಾ ಕಂಡರು. ಕೂಡಲೇ ಧ್ವನಿ ಇಳಿಸಿ, “ಹಬ್ಬ ಬ್ಯಾಡ ಅನ್ನಂಗಿಲ್ಲರಿ. ಗಿಡ ನಿಮ್ಮ ಮನಿಗೆ ಬರೂದ ಬ್ಯಾಡ, ನೀವ ಗಿಡದ ಹಂತ್ಯಾಕ ಬರ್ರಿ. ಹಬ್ಬ ನಾ ಮಾಡಸತೇನಿ” ಅಂದರು. ಮಾಡಿಸಿಯೇಬಿಟ್ಟರು! ಅಂದಿನಿಂದ ವರ್ಷವರ್ಷವೂ ನಮ್ಮ ತೋಟದಲ್ಲಿ ಕ್ರಿಸ್‌ಮಸ್. ಕಾಕಾರ ಕಟ್ಟಳೆ ಮೂರು: ಏನೂ ಕಡಿಯಬಾರದು, ಹೊಸದಾಗಿ ಏನೂ ಸುಡಬಾರದು, ಮರುದಿನ ಒಗೆಯುವಂಥದ್ದನ್ನು ಇಂದು ತರಬಾರದು.

ಮೊದಲು ನಕ್ಷತ್ರದ ಪ್ರಶ್ನೆ. ಬಣ್ಣದ ಕಾಗದ ತರುತ್ತೇನೆಂದ ಬಾಯಿಯವರನ್ನು ತಡೆದು, ಕಾಕಾ ಹಳೆಯ ಎಲೆಬುಟ್ಟಿ ಬಿಚ್ಚಿ ಬಿದಿರಿನ ಸೀಳು ತೆಗೆದರು. ಗಟ್ಟಿಯಿದ್ದವು ನಾಲ್ಕೇ ಸೀಳು. ಆದ್ದರಿಂದ ನಕ್ಷತ್ರಕ್ಕೆ ಮೂಲೆಯೂ ನಾಲ್ಕೇ! ಕಾಗದದ ಬದಲು ಊಟದ ಮುತ್ತಲೆಲೆ ಹೊಲಿದರು.

“ಕಾಕಾರ, ಇದು ಗಾಳಿಪಟ ಆತಲ್ರಿ!”

“ಇರಲಿ ಬಿಡ್ರಿ. ಎರಡೂ ಆಕಾಶದಾಗ ಇರೂವು.”

ಹಬ್ಬ ಮುಗಿದ ಮರುದಿನ ನೋಡಿದರೆ, ಕಾಕಾ ಆ ನಕ್ಷತ್ರವನ್ನು ತೊಡೆಯ ಮೇಲಿಟ್ಟುಕೊಂಡು ಅದರಲ್ಲಿ ಚುರಮರಿ, ಕರಿದ ಖಾರ ಸುರಿದುಕೊಂಡು ತಿನ್ನುತ್ತ ಕುಳಿತಿದ್ದರು.

ಆಮೇಲೆ ಕೇಕು. ನಮ್ಮದು ಲಿಂಗವಂತರ ಮನೆ, ತತ್ತಿ ಒಳಗೆ ಬರುವ ಮಾತೇ ಇಲ್ಲ. ಕೇಕಿಗೆಂದು ಬೇರೆ ಒಲೆ ಹೊತ್ತಿಸಲು ಕಾಕಾ ಬಿಡಲಿಲ್ಲ. ಬೆಳಿಗ್ಗೆ ಸ್ನಾನದ ನೀರು ಕಾಯಿಸಿ ಉಳಿದ ಬಚ್ಚಲ ಒಲೆಯ ಕೆಂಡದ ಮೇಲೆಯೇ ಪಾತ್ರೆ ಇಡಬೇಕಾಯಿತು. ನಾನೂ ಬಾಯಿಯವರೂ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕೇಕು ಕಾದೆವು.

“ತತ್ತಿ ಇಲ್ಲದ ಕೇಕು ಏಳಂಗಿಲ್ಲರಿ ಕಾಕಾರ” ಎಂದು ಬಾಯಿಯವರು ಕೂಗಿ ಹೇಳಿದರು.

“ಏಳದಿದ್ರ ಮಲಗಲಿ ಬಿಡ್ರಿ” ಎಂದು ಹೊರಗಿನಿಂದ ಉತ್ತರ ಬಂತು.

ಅದು ಮಲಗಿಯೇ ಉಳಿಯಿತು. ದವಾಖಾನೆಯ ಡಾಕ್ಟರು ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಅಗಿದು, “ಹೊಗಿ ವಾಸನಿ ಚಲೋ ಐತಿ” ಅಂದರು. ಪಾಪ, ಸಂಭಾವಿತರು. ಅವರು ಬೂಟು, ಕಾಲುಚೀಲ ಎರಡನ್ನೂ ಬೇಲಿಯ ಹೊರಗೆ ಬಿಟ್ಟು, ಪ್ಯಾಂಟು ಮೊಣಕಾಲಿಗೇರಿಸಿ, ಆಗತಾನೆ ನೀರು ಹಾಯಿಸಿದ ತೋಟದ ಕೆಸರಿನಲ್ಲಿ ನಿಂತಿದ್ದರು. ಪಕ್ಕದ ಮನೆಯ ಖಾರದಂಗಡಿಯ ಸಾಹೇಬರೂ ಬಂದಿದ್ದರು. ಎಲ್ಲರ ಎದುರಿಗೆ ಕಾಕಾ ಗಂಟಲು ಸರಿಮಾಡಿಕೊಂಡು ಭಾಷಣವನ್ನೇ ಮಾಡಿದರು.

“ನೋಡ್ರಿ ಬಾಯಾರ, ನಾವೂ ಹೂಳತೇವಿ, ನೀವೂ ಹೂಳತೀರಿ. ಸತ್ತ ಮ್ಯಾಲ ಸೈತ ಒಂದ ಕಟಗಿ ಕೇಳದ ಮಂದಿ ನಾವು. ಬದಕಿದ್ದಾಗ ಹಬ್ಬಕ್ಕ ಯಾಕ ಕೇಳಬೇಕು?”

“ನಮ್ಮನ್ನ್ಯಾಕ ಬಿಟ್ರಿ? ನಾವೂ ಹೂಳೂ ಮಂದೀನ” ಎಂದರು ಸಾಹೇಬರು.

“ಹೂಳತೀರಿ, ಖರೆ. ಆದರ ಖಾರಾ ಕರಿಯಾಕ ದಿನಾ ಗಾಡಿಗಟ್ಟಲೆ ಕಟಗಿ ಸುಡತೀರಿ. ನಿಮ್ಮ ಪಾಲಿಂದು ಆಗಲೇ ಮುಗದೈತಿ!”

ಎಲ್ಲರಿಗಿಂತ ಜೋರಾಗಿ ನಕ್ಕವರು ಸಾಹೇಬರೇ. ಮುಂದಿನ ವರ್ಷದಿಂದ ಹಬ್ಬದ ಖಾರವನ್ನೂ ಅವರೇ ತಂದರು, ಕಾಕಾ ತಕರಾರಿಲ್ಲದೆ ತಿಂದರು. ಶುಭಾಶಯದ ಕಾರ್ಡಿನದೂ ಒಂದು ಕತೆಯಿದೆ. ಗದಗಿನ ತಂಗಿಯಿಂದ ಬಾಯಿಯವರಿಗೆ ಬಂದ ಕಾರ್ಡನ್ನು ಕಾಕಾ ಎತ್ತಿಟ್ಟುಕೊಂಡು, ಮರುವರ್ಷ ಹೆಸರು ಅದಲು ಬದಲು ಮಾಡಿಸಿ ಆ ತಂಗಿಗೇ ಕಳಿಸಿದರು. ತಂಗಿಯೂ ಅಕ್ಕನಿಗೆ ತಕ್ಕವರೇ. ಅದರ ಮುಂದಿನ ವರ್ಷ ಅದೇ ಕಾರ್ಡು ತಿರುಗಿ ಬಂತು. ಕೊನೆಕೊನೆಗೆ ಅದರ ಮೇಲಿನ ಕುರಿಮರಿಗಳ ಮೈ ಸವೆದು ಅವು ಮೊಲಗಳ ಹಾಗೆ ಕಾಣುತ್ತಿದ್ದವು.

ಇಷ್ಟಕ್ಕೆಲ್ಲ ನರ್ಸಬಾಯಿ ಒಗ್ಗಿದರು. ಒಂದಕ್ಕೆ ಮಾತ್ರ ಒಗ್ಗಲಿಲ್ಲ, ಅದು ದೀಪ. ಬಚ್ಚಲಲ್ಲಿ ಕೇಕು ಕಾಯುತ್ತ ಒಮ್ಮೆ ನನಗೆ ಹೇಳಿದ್ದರು. ಅವರ ಅಪ್ಪ ಹಬ್ಬದ ದಿನ ಕತ್ತಲಾಗುತ್ತಲೇ ಮನೆಯ ಬಲ್ಬು ಆರಿಸಿ, ಮಕ್ಕಳನ್ನೆಲ್ಲ ಬಾಗಿಲ ಹೊರಗೆ ನಿಲ್ಲಿಸಿ, ಒಳಗೆ ಗಿಡದ ತುಂಬ ಮೇಣಬತ್ತಿ ಹಚ್ಚಿ, ಆಮೇಲೆ ಬಾಗಿಲು ತೆಗೆಯುತ್ತಿದ್ದರಂತೆ. “ಆ ಬಾಗಲಾ ತಗದಾಗ ಹ್ಯಾಂಗ ಕಾಣತಿತ್ತು ಗೊತ್ತೇನ್ರಿ ವೈನೀ… ಅಪ್ಪ ಹೋದಮ್ಯಾಲೆ ಆ ಬಾಗಲಾ ಯಾರೂ ತಗದಿಲ್ಲ” ಎಂದು ಒಲೆಯ ಕೆಂಡ ಕೆದಕಿದರು. ಒಂದೇ ಒಂದು ಸಂಜೆ ಗಿಡದ ಮೇಲೆ ದೀಪ ಕಾಣಬೇಕು, ಇಷ್ಟೇ ಅವರ ಆಸೆ.

ಆ ಮಾತನ್ನು ನಾನು ಕಾಕಾರ ಕಿವಿಗೂ ಹಾಕಿದ್ದೆ. ಕಾಕಾ ಕೇಳಿ ತಲೆ ತಗ್ಗಿಸಿದರು. ಪ್ರತಿ ಡಿಸೆಂಬರಿಗೆ ಅದೇ ವಾದ ನಡೆಯುತ್ತಿತ್ತು.

“ಕಾಕಾರ, ಈ ಸಲ ಕತ್ತಲಾದಮ್ಯಾಲೆ ಗಿಡಕ್ಕ ದೀಪಾ ಹಚ್ಚೂಣಲ್ರಿ?”

“ಮಲಗಿರತೈತ್ರಿ ಬಾಯಾರ.”

“ನಿಮ್ಮ ಕಾರ್ತೀಕದಾಗ ಹಚ್ಚೂದಿಲ್ಲೇನು?”

“ಕಟ್ಟಿ ಮ್ಯಾಲ ಹಚ್ಚತೇವಿ. ಗಿಡದ ಮೈಮ್ಯಾಲಲ್ಲ.”

“ನಾ ದಿನಾ ರಾತ್ರಿ ಮಲಗಿದವರನ್ನ ಎಬ್ಬಿಸಿ ಸೂಜಿ ಮಾಡತೇನ್ರಿ. ಯಾರಿಗೂ ಏನೂ ಆಗಿಲ್ಲ!”

“ಅದಕ್ಕ ಮಂದಿ ದವಾಖಾನಿಗೆ ಬರಾಕ ಅಂಜತಾರ.”

ಅಲ್ಲಿಗೆ ಮುಗಿಯಿತು. ಒಮ್ಮೆ ಸಂಜೆ ಬಾಯಿಯವರನ್ನು ಕರೆದುಕೊಂಡು ಹೋಗಿ ಗಿಡವನ್ನೇ ತೋರಿಸಿದರು. ಚೊಗಚಿಯ ಸಣ್ಣ ಎಲೆಗಳು ಹೊತ್ತು ಮುಳುಗಿದೊಡನೆ ಜೋಡಿಜೋಡಿಯಾಗಿ ಮುಚ್ಚಿಕೊಳ್ಳುತ್ತವೆ. “ನೋಡ್ರಿ, ಕಣ್ಣ ಮುಚ್ಚೇತಿ” ಎಂದರು ಪಿಸುಧ್ವನಿಯಲ್ಲಿ. ಹೀಗಾಗಿ ನಮ್ಮಲ್ಲಿ ಕ್ರಿಸ್‌ಮಸ್ ಹಾಡು, ಪ್ರಾರ್ಥನೆ, ಕೇಕು ಎಲ್ಲವೂ ಗಿಡ ಎಚ್ಚರವಿರುವಾಗ, ಮೂರು ಗಂಟೆಗೆ. ದೀಪವಿಲ್ಲ. ಬಿಸಿಲಿನಲ್ಲಿ ಬಿಳಿ ಹೂಗಳಷ್ಟೇ ತೂಗಾಡುತ್ತಿದ್ದವು.

ಎಂಬತ್ತರ ದಶಕದ ನಡುವೆ ಒಂದು ವರ್ಷ, ಡಿಸೆಂಬರಿನಲ್ಲೇ, ಬಾಯಿಯವರಿಗೆ ಹಿರೇಕೆರೂರಿಗೆ ವರ್ಗವಾಯಿತು. ಹಬ್ಬದ ಮರುದಿನವೇ ಹೊರಡಬೇಕು. ಆ ಸಲ ಅವರು ದೀಪದ ಮಾತು ಎತ್ತಲೇ ಇಲ್ಲ. ಕಾಕಾ ಎರಡು ಮೂರು ಸಲ ತಾವಾಗಿಯೇ ಅವರ ಖೋಲಿಯ ಮುಂದೆ ಸುಳಿದಾಡಿ, “ಏನೂ ಕೇಳಂಗಿಲ್ಲೇನ್ರಿ ಈ ವರ್ಷ?” ಅಂದರು. “ಏನಿಲ್ಲರಿ ಕಾಕಾರ” ಎಂದು ಬಾಯಿಯವರು ಪಾತ್ರೆ ಕಟ್ಟುವುದರಲ್ಲಿ ಮಗ್ನರಾದರು. ನಾನು ಇಬ್ಬರನ್ನೂ ನೋಡಿ ಒಳಗೊಳಗೇ ನಕ್ಕೆ. ವಾದ ಮಾಡಲು ಜೊತೆಯಿಲ್ಲದೆ ಮುದುಕರಿಗೆ ಹಬ್ಬ ಸಪ್ಪೆಯಾಗಿದೆ ಎಂದುಕೊಂಡೆ.

ಹಬ್ಬ ಎಂದಿನಂತೆ ಮೂರು ಗಂಟೆಗೆ ಆಯಿತು. ಬಂದವರು ಕಾಲು ತೊಳೆದುಕೊಂಡು ಹೋದರು. ಕತ್ತಲು ಕವಿಯುತ್ತಿತ್ತು. ಚಹಾ ಮಾಡಿಟ್ಟು, ಕಾಕಾರನ್ನು ಕೂಗಲೆಂದು ನಾನು ಹಿತ್ತಲಿಗೆ ಬಂದೆ. ಕುಡಿದು ಹೋಗಲೆಂದು ಕರೆದಿದ್ದ ಬಾಯಿಯವರೂ ನನ್ನ ಹಿಂದೆಯೇ ಬಂದರು. ಬಾಗಿಲಲ್ಲೇ ಇಬ್ಬರ ಕಾಲೂ ನಿಂತವು.

ಕಾಕಾ ಗಿಡದ ಬುಡದಲ್ಲಿದ್ದರು. ಪಕ್ಕದಲ್ಲಿ ಒಂದು ಪರಾತದ ತುಂಬ ದೀಪಾವಳಿಯ ಹಳೆಯ ಹಣತೆಗಳು, ಎಣ್ಣೆ, ಬತ್ತಿ ಎಲ್ಲ ಸಿದ್ಧ. ಅವುಗಳನ್ನು ಟೊಂಗೆಗಳಿಂದ ಇಳಿಬಿಡಲು ಬಾಳೆನಾರಿನ ಕುಣಿಕೆಗಳನ್ನೂ ಕಟ್ಟಿದ್ದರು. ಹೊತ್ತು ಮುಳುಗಿದ ಮೇಲೆ ಗಿಡ ಮುಟ್ಟಿದವರನ್ನು ಜನ್ಮದಲ್ಲಿ ಕ್ಷಮಿಸದ ಕಾಕಾ ಅದರ ಮೈಯನ್ನು ಮೆಲ್ಲಗೆ ತಟ್ಟುತ್ತಿದ್ದರು, ಎಳೆ ಕೂಸನ್ನು ಎಬ್ಬಿಸುವ ಹಾಗೆ.

“ಏಳವ್ವಾ… ಒಂದೀಟ ಎದ್ದ ಕುಂದರು. ಬಾಯಾರು ನಾಳೆ ಊರ ಬಿಡತಾರ. ಅವರಪ್ಪ ಇಲ್ಲವ್ವ, ದೀಪಾ ತೋರಸವರ ಯಾರೂ ಇಲ್ಲ. ಒಂದ ಸಂಜಿ ನಿನ್ನ ನಿದ್ದಿ ಕೆಡಸತೇನಿ, ಸಿಟ್ಟಾಗಬ್ಯಾಡ. ನಾಳೆ ನೀ ಎಷ್ಟ ಹೊತ್ತರೆ ಮಲಗು…”

ಇಷ್ಟು ವರ್ಷ ನಾನು ನಗುತ್ತಲೇ ನೋಡಿದ್ದ ಕಾಕಾ, ತಮ್ಮ ಜನ್ಮದ ನೇಮವನ್ನು ಬಾಡಿಗೆಗಿದ್ದ ಹೆಣ್ಣುಮಗಳೊಬ್ಬಳಿಗಾಗಿ ಮುರಿಯಲು ಗಿಡದ ಅಪ್ಪಣೆ ಕೇಳುತ್ತಿದ್ದರು.

ನರ್ಸಬಾಯಿ ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಹೋಗಿ, ಕಾಕಾರ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡರು.

“ಬ್ಯಾಡ್ರಿ ಕಾಕಾರ. ಮಲಗಲಿ ಬಿಡ್ರಿ.”

“ಮತ್ತ… ನಿಮ್ಮಪ್ಪನ ದೀಪ?”

“ಅಪ್ಪನ ಗಿಡ ಎಂಟ ದಿನಕ್ಕ ಒಣಗತಿತ್ತರಿ. ಇದು ನಾ ಹೋದಮ್ಯಾಲೂ ಇರತೈತಿ.” ಪೆಟ್ಟಿಗೆಯನ್ನು ಪರಾತದ ಬದಿಗಿಟ್ಟರು. “ಬಾಗಲಾ ತಗದಂಗ ಆತರಿ. ನಾ ನೋಡಿದೆ.”

ಕಾಕಾ ಧೋತರದ ತುದಿಯಿಂದ ಕಣ್ಣೊರೆಸಿಕೊಂಡು, ಬತ್ತಿಗಳನ್ನು ಒಂದೊಂದಾಗಿ ತೆಗೆದು ಜೋಪಾನವಾಗಿ ಮಡಿಚಿಟ್ಟರು. ಒಗೆಯುವಂತಿಲ್ಲವಲ್ಲ! ಆಮೇಲೆ ಇಬ್ಬರೂ ಹೊತ್ತಿಸದ ಹಣತೆಗಳನ್ನು ನಡುವೆ ಇಟ್ಟುಕೊಂಡು, ಎಲೆ ಮುಚ್ಚಿದ ಗಿಡದ ಕೆಳಗೆ ಕುಳಿತರು.

ನಾನು ಅಭ್ಯಾಸದಂತೆ ಕೂಗಲು ಬಾಯಿ ತೆರೆದೆ. ಕೂಗಲಾಗಲಿಲ್ಲ. ಬರಿಗಾಲಲ್ಲಿ ನಡೆದುಹೋಗಿ, ಬಗ್ಗಿ, ಕಾಕಾರ ಕಿವಿಯಲ್ಲಿ ಮೆಲ್ಲಗೆ ಹೇಳಿದೆ:

“ಕಾಕಾರ, ಚಹಾ ಆರಾಕತ್ತೈತ್ರಿ.”