ಸಿಂಹಾಸನದೊಳಗೆ ಮಹಾರಾಜ

ನನಗೆ ಅನುಮಾನದ ಸ್ವಭಾವವಿಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಆದರೆ ನಾಟಕ ಕಂಪನಿಯವರೆಲ್ಲ ಒಂದಾಗಿ ನನ್ನ ವಿರುದ್ಧ ಪಿತೂರಿ ನಡೆಸುವಾಗ ಸುಮ್ಮನಿರಲು ನಾನೇನು ಕಲ್ಲೇ?

ನಮ್ಮದು ಒಂದು ವ್ಯಾನಿನಲ್ಲಿ ಹಿಡಿಸುವ ಕಂಪನಿ. ಮಧುಗಿರಿಯಿಂದ ಹೊರಟು ಸಿರಾ, ಕೊರಟಗೆರೆ, ಪಾವಗಡದ ಕಡೆ ಸುತ್ತುತ್ತೇವೆ. ಆಡುವುದು ಒಂದೇ ನಾಟಕ. ದ್ರೋಹಿ ಮಂತ್ರಿ ಮಹಾರಾಜನಿಗೆ ವಿಷವಿಡುತ್ತಾನೆ, ಮಹಾರಾಜ ಹಾಡುತ್ತಾ ಸಾಯುತ್ತಾನೆ, ರಾಣಿ ಹೆಣದ ಮೇಲೆ ಬಿದ್ದು ಅಳುತ್ತಾಳೆ. ರಾಜ ನಾನು, ರಾಣಿ ನನ್ನ ಹೆಂಡತಿ ಗೌರಮ್ಮ, ಮಂತ್ರಿ ನಾಗಭೂಷಣ. ಹಾರ್ಮೋನಿಯಂ ನುಡಿಸುವವರೂ ವ್ಯಾನ್ ಓಡಿಸುವವರೂ ಕಂಪನಿಯ ಮಾಲೀಕರೂ ಒಬ್ಬರೇ, ರಂಗಪ್ಪಣ್ಣ.

ನನ್ನ ಸಾವಿಗೆ ಬಹಳ ಹೆಸರಿತ್ತು. ಜನ "ಒನ್ಸ್ ಮೋರ್" ಎಂದು ಕೂಗಿದರೆ ಎದ್ದು ಮತ್ತೆ ಸಾಯಬೇಕು, ಅದು ನಮ್ಮ ರಂಗದ ಪದ್ಧತಿ. ಸಿರಾದಲ್ಲಿ ನನ್ನನ್ನು ಮೂರು ಸಲ ಸಾಯಿಸಿದರು! ಸಾಯುವ ಮುನ್ನ ನಾನು ಒಂದೇ ಒಂದು ಎಚ್ಚರಿಕೆ ವಹಿಸುತ್ತಿದ್ದೆ. ಮಖಮಲ್ಲಿನ ಅಂಗಿಯನ್ನು ತಿರುಗಾಟದಲ್ಲಿ ಒಗೆಯಲು ಆಗುವುದಿಲ್ಲ ನೋಡಿ. ಅದಕ್ಕೇ ಶಲ್ಯದಿಂದ ನೆಲ ಚೆನ್ನಾಗಿ ಒರೆಸಿ, ಅದನ್ನೇ ಹಾಸಿ, ಮಲಗಿ ಪ್ರಾಣ ಬಿಡುತ್ತಿದ್ದೆ. ಆಗ ಜನ ನಗುತ್ತಿದ್ದುದು ನಿಜ. ನಾಗಭೂಷಣನ ಮೀಸೆ ಜಾರಿರಬೇಕು ಎಂದುಕೊಳ್ಳುತ್ತಿದ್ದೆ.

ಪಿತೂರಿಯ ವಾಸನೆ ಮೊದಲು ಬಡಿದದ್ದು ಕೊರಟಗೆರೆಯಲ್ಲಿ. ಸಿದ್ದರಬೆಟ್ಟದ ರಸ್ತೆಯಲ್ಲಿ ನಮ್ಮ ಪ್ರಚಾರದ ಆಟೋ ಮೈಕಿನಲ್ಲಿ ಕೂಗುತ್ತಾ ಬರುತ್ತಿತ್ತು. ನನ್ನನ್ನು ಕಂಡದ್ದೇ ತಡ, ಮೈಕು ಬಂದ್! ಏನಯ್ಯಾ ಎಂದರೆ, ಮೈಕಿನವನು ಗಂಟಲು ಮುಟ್ಟಿ "ಕಟ್ಕಂಡೈತೆ ಸಾ" ಎಂದು ಪಿಸುಗುಟ್ಟಿದ. ನಾನು ತಿರುವು ದಾಟಿದೊಡನೆ ಅವನ ಗಂಟಲು ಬಿಟ್ಟಿತು!

ಇನ್ನೊಂದು ಸಾಕ್ಷಿ ಕೇಳಿ. ನಾನು ಸಾಯುವಾಗ ನಾಗಭೂಷಣನ ತುಟಿ ಅದುರುತ್ತಿತ್ತು. ನನ್ನ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಾನೆ! ರಾಜನ ಪಾತ್ರ ಅವನಿಗೆ, ನನಗೆ ದ್ವಾರಪಾಲಕನ ಈಟಿ, ಇದೇ ಅವರ ಸಂಚು. ನನಗಿದ್ದ ಆಸ್ತಿಯೆಂದರೆ ಆ ಪಾತ್ರವೊಂದೇ. ಊರೂರಲ್ಲಿ ಜನ "ರಾಜ್ರು ಬಂದ್ರು" ಎನ್ನುವಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಅದು ಹೋದರೆ ನಾನು ಯಾರು?

ಅಂದಿನಿಂದ ಕಿರೀಟವನ್ನು ಕೈಬಿಡಲಿಲ್ಲ. ಹೋಟೆಲಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಮುದ್ದೆ ನುಂಗಿದೆ. ಬಹಿರ್ದೆಸೆಗೂ ಕಿರೀಟ ಸಮೇತ ಹೋದೆ.

"ಇದೇನ್ರೀ ಅವತಾರ? ಜನ ಏನಂದ್ಕತಾರೆ?" ಎಂದಳು ಗೌರಮ್ಮ.

"ನೀನೂ ಅವರ ಕಡೆ ಸೇರ್ಕಂಡ್ಯಾ?"

ಅವಳು ಬಾಯಿಗೆ ಸೆರಗು ಹಿಡಿದು ಸರಸರನೆ ವ್ಯಾನಿನ ಹಿಂದೆ ಹೋದಳು. ಮನೆ ದೀಪವೇ ಮನೆ ಸುಡಲು ಹೊರಟರೆ ಯಾರಿಗೆ ಹೇಳೋಣ!

ವಳ್ಳೂರಿನಲ್ಲಿ ಅಂತಿಮ ನಿರ್ಧಾರಕ್ಕೆ ಬಂದೆ. ನಮ್ಮ ಸಿಂಹಾಸನವೆಂದರೆ ವೇಷಭೂಷಣದ ದೊಡ್ಡ ಪೆಟ್ಟಿಗೆ. ಮೇಲೊಂದು ಜರಿ ಬಟ್ಟೆ ಹೊದಿಸಿದರಾಯಿತು. ದಿನಾ ಮಧ್ಯಾಹ್ನ ಊಟವಾದ ಮೇಲೆ ನಾಗಭೂಷಣ, ರಂಗಪ್ಪಣ್ಣ ಅದರ ಬಳಿ ನಿಂತು ಗುಸುಗುಸು ನಡೆಸುವುದನ್ನು ಗಮನಿಸಿದ್ದೆ. ಅಂದು ಅವರಿಗಿಂತ ಮುಂಚೆ ಹೋಗಿ, ಬಟ್ಟೆಗಳ ನಡುವೆ ಹುದುಗಿ, ಮುಚ್ಚಳ ಎಳೆದುಕೊಂಡೆ. ಅವರು ಬಂದರು. ಬಂದವರು ನಿಲ್ಲಲಿಲ್ಲ. ಮುಚ್ಚಳದ ಮೇಲೆ ಕೂತುಬಿಟ್ಟರು!

"ಸಂಜೆ ಆಟದ ಬಗ್ಗೆ ತಿರುಮಣಿ ಊರೋರು ಫೋನ್ ಮಾಡಿದ್ರು ಕಣ್ಲಾ," ರಂಗಪ್ಪಣ್ಣನ ದನಿ. "ನೆಲ ಒರಸ್ಕಂಡು ಸಾಯೋ ರಾಜ ಬತ್ತಾನಾ ಅಂತ ಕೇಳ್ತವ್ರೆ. ಹೊಟ್ಟೆ ತುಂಬ ನಗಬೇಕಂತೆ."

"ಅವ್ನು ಒರ್ಸಕ್ಕೆ ಸುರು ಮಾಡಿದ್ರೆ ನಗು ತಡ್ಯಕ್ಕೇ ಆಗಕಿಲ್ಲ ಕಣಣ್ಣ. ತುಟಿ ಕಚ್ಚಿ ಕಚ್ಚಿ ಗಾಯ ಆಗೈತೆ. ಗೌರಕ್ಕ ಆದ್ರೆ ಹೆಣದ ಮೇಲೆ ಬಿದ್ದು, ಮುಖ ಮುಚ್ಕಂಡು ನಕ್ಕುಬುಡ್ತಾಳೆ."

"ಅವ್ನಿಗೆ ಮಾತ್ರ ಗೊತ್ತಾಗಬಾರ್ದು. ಗೊತ್ತಾದ್ರೆ ಒರ್ಸದು ಬುಟ್ಬುಡ್ತಾನೆ. ಅದಕ್ಕೇ ಮೈಕಿನಾಗೆ 'ನಗೆ ನಾಟಕ' ಅನ್ನಾದು ಅವ್ನ ಕಿವಿಗೆ ಬೀಳಬಾರ್ದು ಅಂದಿರಾದು."

ನನ್ನ ಎದೆ ಒಡೆಯಿತು. ಅದೇ ಹೊತ್ತಿಗೆ ಪೆಟ್ಟಿಗೆಯ ನುಸಿಗುಳಿಗೆಯ ಘಾಟು ಮೂಗಿಗೆ ಏರಿತು. ಸೀನಿದೆ!

"ಅಯ್ಯಯ್ಯೋ, ಸಿಂಹಾಸನ ಸೀನ್ತು!" ಎಂದು ಇಬ್ಬರೂ ಜಿಗಿದರು. ನಾನು ಸಾಕ್ಷಾತ್ ಮಹಾರಾಜನ ಗಾಂಭೀರ್ಯದಿಂದ ಮೇಲೆದ್ದೆ. ತಲೆಯ ಮೇಲೆ ರಾಣಿಯ ರವಿಕೆ ಇತ್ತೆಂಬುದು ಆಮೇಲೆ ತಿಳಿಯಿತು. ಗದ್ದಲಕ್ಕೆ ಓಡಿಬಂದ ಗೌರಮ್ಮ ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

"ನಿಮ್ಮನ್ನ ನೋಡಿ ನಗ್ತಾರೆ ಅಂತ ಯಾವ ಬಾಯಾಗೆ ಯೋಳ್ಲಿ? ಅಷ್ಟು ಖುಸಿಯಾಗಿ ಸಾಯ್ತಿದ್ರಿ ನೀವು."

ಬಹಳ ನೊಂದೆ. ನೊಂದವನಿಗೆ ಹಟವೂ ಬರುತ್ತದೆ. ನಗೆ ಬೇಕೇ? ಸರಿ, ತಿರುಮಣಿಯವರಿಗೆ ಬೇಕೆಂದೇ ನಗಿಸಿ ತೋರಿಸುತ್ತೇನೆ! ನಗೆ ನಟನೆಂದರೆ ದಬಕ್ಕನೆ ಬೀಳಬೇಕು ಎಂದು ಕೇಳಿದ್ದೆ. ಆ ಸಂಜೆ ಅವರ ಊರಿನಲ್ಲಿ ವಿಷ ಕುಡಿದವನೇ ಶಲ್ಯವನ್ನು ಅತ್ತ ಎಸೆದು, ಬಾಳೆಗೊನೆಯಂತೆ ನೇರ ಹಲಗೆಯ ಮೇಲೆ ಬಿದ್ದೆ. ಮಂಡಿ ಚಿಪ್ಪು ಚಟ್ ಎಂದಿತು. "ಅಯ್ಯೋ, ಸತ್ತೆ!" ಎಂದು ಕೂಗಿದ್ದು ಹೃದಯದಾಳದಿಂದ ಬಂದದ್ದು. ಹಾಡು ನೆನಪಾಗಲಿಲ್ಲ, ಬರೀ ಕಣ್ಣೀರು ಬಂತು. ಗೌರಮ್ಮ ಗಾಬರಿಯಿಂದ "ಏನಾಯ್ತ್ರೀ" ಎಂದು ಮೇಲೆ ಬಿದ್ದು ನಿಜವಾಗಿಯೇ ಅತ್ತಳು.

ಯಾರೂ ನಗಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾಗಭೂಷಣ ಕೂಡ ಮೂಗು ಸೀಟಿದ. ಒನ್ಸ್ ಮೋರ್ ಕೂಗುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನಾನು ಜನರನ್ನು ಅಳಿಸಿದ್ದೆ, ಅದೂ ನಗಿಸಲು ಹೋಗಿ!

ಪರದೆ ಬಿದ್ದದ್ದೇ ಊರಿನ ಯಜಮಾನರು ತೆಲುಗು ಬೆರೆಸಿ ಕೂಗುತ್ತಾ ಒಳಗೆ ನುಗ್ಗಿದರು. "ಏಮಿ ಸ್ವಾಮಿ ಇದಿ? ನಗ್ಸ್ತಾರೆ ಅಂತ ಕರ್ಸಿದ್ರೆ, ನಮ್ ಊರ್ನೆಲ್ಲ ಅಳ್ಸಿಬುಟ್ರಲ್ಲಾ! ನಮ್ ಅವ್ವ ಇನ್ನೂ ಅಳ್ತಾನೇ ಅವ್ಳೆ!"

ರಂಗಪ್ಪಣ್ಣ ಕೈಮುಗಿದು ಅವರನ್ನು ಕಳಿಸಿ, ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಾ ಹೇಳಿದರು: "ನಿನ್ನ ಕಾಲಿಗೆ ಬೀಳ್ತೀನಿ ಕಣಪ್ಪ. ನಟನೆ ಮಾಡಕ್ಕೆ ಹೋಗಬ್ಯಾಡ. ಮೊದ್ಲಿನಂಗೆ ಸಾಯಿ."

ಹೀಗೆ ನನ್ನ ಪಾತ್ರ ನನಗೇ ಉಳಿಯಿತು. ಈಗ ವಿಷ ಕುಡಿದೊಡನೆ ರಾಣಿಯೇ ಶಲ್ಯ ಕೈಗಿಡುತ್ತಾಳೆ. ಒರೆಸುತ್ತೇನೆ, ಹಾಸುತ್ತೇನೆ, ಸಾಯುತ್ತೇನೆ. ಆದರೂ ಒಂದು ಅನುಮಾನ ಹೋಗಿಲ್ಲ. ಗೌರಮ್ಮ ಎದೆಯ ಮೇಲೆ ಬಿದ್ದಾಗ, ಇವತ್ತಾದರೂ ಅಳುತ್ತಿದ್ದಾಳೋ ಎಂದು ಮೆಲ್ಲಗೆ ಒಂದು ಕಣ್ಣು ತೆರೆದು ನೋಡುತ್ತೇನೆ.

ಹೆಣ ಹಾಗೆ ಕಣ್ಣು ತೆರೆಯುವುದಕ್ಕೇ ಈಗ ಎಲ್ಲಕ್ಕಿಂತ ಜಾಸ್ತಿ ಒನ್ಸ್ ಮೋರ್!