ಮೆಹರುವಿನ ಜಾಕೆಟ್ಟಿಗೆ ಹಾಕಿದ ನಟ್ಟು

ಲೋಕದಲ್ಲಿ ಯಾರ ಮನೆಯ ನಟ್ಟು ಬೇಕಾದರೂ ಸಡಿಲವಾಗಲಿ, ನನ್ನ ಮನೆಯದ್ದು ಆಗಕೂಡದು. ಯಾಕೆಂದರೆ ನನ್ನ ಹೊಟ್ಟೆಪಾಡೇ ನಟ್ಟು ಬೋಲ್ಟಿನದು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮೊಂದರಲ್ಲಿ ಕೂತು ಈ ಊರಿನ ಅರ್ಧ ಕ್ರೇನು, ಕಟ್ಟಡ, ಬೋರ್ಡುಗಳು ಕಳಚಿ ಬೀಳದಂತೆ ಕಾಪಾಡುತ್ತಿರುವ ಶುಕೂರ್ ಎಂಬ ಮಹಾನುಭಾವ ನಾನೇ. (ವಿಸಿಟಿಂಗ್ ಕಾರ್ಡಿನಲ್ಲಿ ‘ಸೇಲ್ಸ್‌ಮ್ಯಾನ್’ ಅಂತ ಇದೆ, ಅದು ಬೇರೆ ವಿಷಯ.) ಅಂಥವನ ಹೆಂಡತಿಯ ಬೆನ್ನಿನಿಂದ, ಈಜುಕೊಳದ ನಟ್ಟನಡುವೆ, ಎಲ್ಲರ ಕಣ್ಣೆದುರು ಸಿಲಿಂಡರ್ ಜಾರಿ ಬಿದ್ದರೆ ನಾನು ಯಾರಿಗೆ ಮುಖ ತೋರಿಸಲಿ?

ಅಡುಗೆಯ ಸಿಲಿಂಡರ್ ಅಲ್ಲ, ಗಾಬರಿಯಾಗಬೇಡಿ. ನೀರಿನಡಿ ಉಸಿರಾಡಲಿಕ್ಕೆ ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರ್. ಮಗಳು ನಸೀಮ ಕಾಲೇಜು ಸೇರಿದ ಮೇಲೆ ನನ್ನ ಹೆಂಡತಿ ಮೆಹರುನ್ನಿಸ ಸ್ಕೂಬಾ ಡೈವಿಂಗ್ ಕಲಿಯಲು ಹೊರಟಿದ್ದಳು.

“ಈ ವಯಸ್ಸಲ್ಲಿ ನಿನಗೆ ಇದೆಂತ ಹುಚ್ಚು ಮಾರಾಯ್ತಿ?” ಅಂತ ಕೇಳಿದ್ದೆ.

“ಉಳ್ಳಾಲದಲ್ಲಿ ಹುಟ್ಟಿ ಕಡಲನ್ನು ಮೇಲಿಂದ ನೋಡಿ ಆಯ್ತು. ಅಡಿಯಲ್ಲಿ ಎಂತ ಉಂಟು ಅಂತ ಒಮ್ಮೆ ನೋಡ್ಬೇಕು ನನಗೆ. ನಿಮಗೆ ಹೆದರಿಕೆ ಆದ್ರೆ ದಡದಲ್ಲಿ ಕೂತ್ಕೊಳ್ಳಿ.”

ಹೆದರಿಕೆಯಂತೆ! ನಾನು ಪುತ್ತೂರಿನವನು. ನೀರೆಂದರೆ ಬಕೆಟ್ಟಿನೊಳಗೆ ಮರ್ಯಾದೆಯಿಂದ ಇರಬೇಕು ಎಂಬುದು ನನ್ನ ಸಿದ್ಧಾಂತ, ಅಷ್ಟೆ.

ಶನಿವಾರ ಅವಳ ಕೊನೆಯ ಪರೀಕ್ಷೆ. ಮುಂದಿನ ವಾರ ರಂಝಾನ್ ಶುರು, ಅದು ಮುಗಿಯುವ ಹೊತ್ತಿಗೆ ಅವಳ ಮೇಷ್ಟ್ರು ವಿಕ್ಟರ್ (ನಮ್ಮ ಊರ ಕಡೆಯವರೇ) ರಜೆಯಲ್ಲಿ ಊರಿಗೆ. ಈ ಸಲ ತಪ್ಪಿದರೆ ಪುನಃ ಮೊದಲಿನಿಂದ ಕಲಿಯಬೇಕು. ಶುಕ್ರವಾರ ಅಲ್ ಕುಸೈಸಿನ ನಮ್ಮ ಫ್ಲಾಟಿನಲ್ಲಿ ಚಹಾ ಕುಡಿಯುತ್ತ ಕೂತಿದ್ದವಳ ಕಣ್ಣು ಇದ್ದಕ್ಕಿದ್ದಂತೆ ತುಂಬಿಬಂತು.

“ಮೊನ್ನೆ ಈಜುಕೊಳದಲ್ಲಿ ಜಾರಿದ ಹಾಗೆ ನಾಳೆ ಸಿಲಿಂಡರ್ ಪುನಃ ಜಾರಿದ್ರೆ ವಿಕ್ಟರ್ ನನ್ನನ್ನು ಕಡಲಿಗೇ ಬಿಡುದಿಲ್ಲ.”

ನಾನು ಎದೆ ತಟ್ಟಿಕೊಂಡೆ. “ನಾನಿಲ್ವಾ? ಒಂದು ಬೋಲ್ಟ್ ಹಾಕಿದ್ರೆ ಖಲಾಸ್!”

ಕಣ್ಣೀರು ಅಲ್ಲಿಗೇ ನಿಂತಿತು. “ನೀವು ಕೈ ಹಾಕ್ಲೇಬೇಡಿ! ಬಾತ್‌ರೂಮಿನ ಚಿಲಕ ರಿಪೇರಿ ಮಾಡಿ ನಸೀಮಳನ್ನು ಒಳಗೆ ಕೂಡಿ ಹಾಕಿದ್ದು ಮರ್ತುಹೋಯ್ತಾ?”

ಮರೆತಿರಲಿಲ್ಲ. ಆದರೆ ಒಳ್ಳೆಯ ಕೆಲಸ ಮಾಡುವವನು ಹಿಂದಿನದ್ದನ್ನೆಲ್ಲ ನೆನೆಯುತ್ತ ಕೂರಬಾರದು.

ಶನಿವಾರ ಬೆಳಿಗ್ಗೆ ಮೂವರೂ ಜುಮೈರಾದ ಕಡಲತೀರ ಸೇರಿದೆವು. ವಿಕ್ಟರ್ ಶಿಷ್ಯರನ್ನೆಲ್ಲ ಚಪ್ಪರದಡಿ ಕೂರಿಸಿ ಪಾಠ ಶುರುಮಾಡಿದರು. ನಸೀಮ ಕಾಫಿ ತರಲು ಹೋದಳು. ಮೆಹರುವಿನ ಸಾಮಾನು ಕಾಯುವ ಘನ ಜವಾಬ್ದಾರಿ ನನ್ನ ಪಾಲಿಗೆ ಬಂತು. ಗಾಳಿ ತುಂಬುವ ಜಾಕೆಟ್, ಅದರ ಬೆನ್ನಿಗೆ ಪಟ್ಟಿಯಲ್ಲಿ ಕಟ್ಟುವ ಸಿಲಿಂಡರ್, ಎದೆಗೆ, ಹೊಟ್ಟೆಗೆ, ಹೆಗಲಿಗೆ ಪ್ಲಾಸ್ಟಿಕ್ಕಿನ ಬಕಲುಗಳು. ಬೆರಳಲ್ಲಿ ಒತ್ತಿದರೆ ಟಕ್ಕೆಂದು ಬಿಚ್ಚಿಕೊಳ್ಳುತ್ತವೆ! ಜೀವ ಹೊರುವ ಸಾಮಾನಿಗೆ ಇಷ್ಟು ಪುಕ್ಕಲು ಬಕಲೇ? ನನ್ನ ರಕ್ತ ಕುದಿಯಿತು.

ಕಾರಿನ ಡಿಕ್ಕಿಯಲ್ಲಿ ನಮ್ಮ ಕಂಪನಿಯ ಸ್ಯಾಂಪಲ್ ಪೆಟ್ಟಿಗೆ ಇತ್ತು. ಅದರಲ್ಲಿದ್ದದ್ದು ನಾವು ‘ತಲೆ ಹಾರುವ ನಟ್ಟು’ ಎನ್ನುವ ಮಾಲು. ರಸ್ತೆ ಬದಿಯ ಬೋರ್ಡನ್ನು ಯಾರೂ ಬಿಚ್ಚಿಕೊಂಡು ಹೋಗದಿರಲಿ ಅಂತ ಹಾಕುವುದು. ಬಿಗಿ ಮಾಡುತ್ತ ಹೋದರೆ ಕೊನೆಗೆ ಅದರ ತಲೆ ಪಟ್ಟೆಂದು ಮುರಿದು ಬೀಳುತ್ತದೆ. ಉಳಿಯುವುದು ಒಂದು ನುಣ್ಣನೆಯ ಗುಬಟು. ಸ್ಪ್ಯಾನರಿಗೆ ಹಿಡಿಯಲು ಮೂಲೆಯೇ ಇಲ್ಲ. ಒಮ್ಮೆ ಹಾಕಿದರೆ ಹಾಕಿದ ಹಾಗೆ.

ಮೊದಲು ಸಿಲಿಂಡರಿನ ಪಟ್ಟಿಗೆ ಹಾಕಿದೆ. ಪಟ್! ಎಂಥ ಇಂಪಾದ ಸದ್ದು! ಇನ್ನು ಮುಂದಿನ ಬಕಲುಗಳು. ಅವನ್ನು ಬಿಗಿ ಮಾಡಬೇಕಾದರೆ ಒಳಗೊಂದು ಮೈ ಬೇಕಲ್ಲ? ನನ್ನ ಮತ್ತು ಮೆಹರುವಿನ ಸುತ್ತಳತೆ ಹೆಚ್ಚುಕಡಿಮೆ ಒಂದೇ. (ಇದನ್ನು ಅವಳಿಗೆ ಹೇಳಬೇಡಿ.) ಸಿಲಿಂಡರನ್ನು ಬೆಂಚಿನ ಮೇಲಿಟ್ಟು ಜಾಕೆಟ್ಟಿನೊಳಗೆ ತೋಳು ತೂರಿಸಿದೆ, ಬಕಲು ಹಾಕಿದೆ, ಸಂದಿಯಲ್ಲಿ ಬೋಲ್ಟ್ ತೂರಿಸಿ ತಿರುಗಿಸಿದೆ. ಎದೆಯದ್ದು ಪಟ್! ಹೊಟ್ಟೆಯದ್ದು ಪಟ್! ಹೆಗಲಿನದ್ದೂ ಪಟ್ ಪಟ್!

ಮುರಿದ ತಲೆಗಳು ಮರಳಿನ ಮೇಲೆ ಹೊಳೆಯುತ್ತಿದ್ದವು. ಆನಂದದಿಂದ ಎದ್ದು ಮೆಹರುವನ್ನು ಕೂಗಬೇಕೆಂದು ಹೊರಟಾಗಲೇ ನನಗೊಂದು ಸಣ್ಣ ಸತ್ಯ ಹೊಳೆಯಿತು. ಜಾಕೆಟ್ಟಿನೊಳಗೆ ಇರುವುದು ನಾನು.

ಎಳೆದೆ, ಜಗ್ಗಿದೆ, ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡೆ. ಊಹೂಂ. ಸಿಲಿಂಡರಿನ ಭಾರಕ್ಕೆ ಹಿಂದಕ್ಕೆ ವಾಲಿ ಮರಳಿನ ಮೇಲೆ ಆಮೆಯ ಹಾಗೆ ಅಂಗಾತ ಬಿದ್ದೆ. ಆ ಹೊತ್ತಿಗೆ ಪಾಠ ಮುಗಿಸಿ ಎಲ್ಲರೂ ಬಂದರು.

“ಯಾ ಅಲ್ಲಾ! ಎಂತ ಮಾಡಿದ್ದು ನೀವು?”

“ಇನ್ನು ಈ ಜನ್ಮದಲ್ಲಿ ಸಡಿಲ ಆಗುದಿಲ್ಲ ಮೆಹರು,” ಎಂದೆ ಮಲಗಿದಲ್ಲಿಂದಲೇ.

ವಿಕ್ಟರ್ ನನ್ನನ್ನು ಎತ್ತಿ ಕೂರಿಸಿ ಒಂದೊಂದೇ ಗುಬಟು ಮುಟ್ಟಿ ನೋಡಿದರು. ಸಿಟ್ಟು, ನಗು ಎರಡೂ ಒಟ್ಟಿಗೆ ಬಂದಿರಬೇಕು, ಮೀಸೆ ಅದುರುತ್ತಿತ್ತು.

“ಶುಕೂರ್ ಭಾಯ್, ನೀರಲ್ಲಿ ತೊಂದರೆ ಆದ್ರೆ ಇದೆಲ್ಲ ಚಕ್ಕಂತ ಬಿಚ್ಚಿ ಬಿಸಾಡ್ಬೇಕು. ಅದಕ್ಕೇ ಬೆರಳಲ್ಲಿ ಬಿಚ್ಚುವ ಬಕಲ್ ಇಟ್ಟದ್ದು. ಬಿಚ್ಚದ ಹಾಗೆ ಮಾಡಿದ್ರೆ ಆಳು ಜಾಕೆಟ್ ಜೊತೆಗೇ ನೀರಿನಡಿಗೆ!”

“ಮತ್ತೆ ಸಿಲಿಂಡರ್ ಜಾರಿದ್ದು?”

“ಪಟ್ಟಿ ಒಣಗಿರುವಾಗ ಕಟ್ಟಿದ್ರೆ ನೀರಿಗಿಳಿದ ಮೇಲೆ ಹಿಗ್ಗಿ ಸಡಿಲ ಆಗ್ತದೆ. ಮೊದಲು ನೆನೆಸ್ಬೇಕು, ಮತ್ತೆ ಬಿಗಿ ಮಾಡ್ಬೇಕು. ಒಂದು ಬಕೆಟ್ ನೀರು ಸಾಕಿತ್ತು.”

ಬಕೆಟ್ ನೀರು! ನಟ್ಟಿಲ್ಲ, ಬೋಲ್ಟಿಲ್ಲ, ವಾಷರ್ ಕೂಡ ಇಲ್ಲ! ನನ್ನ ಇಡೀ ವೃತ್ತಿಗೇ ಯಾರೋ ನೀರೆರಚಿದಂತಾಯಿತು.

ವಿಕ್ಟರ್ ಚಾಕು ತೆಗೆದರು. “ಪಟ್ಟಿ ಕತ್ತರಿಸಿಬಿಡ್ತೇನೆ.”

“ಮುಟ್ಬೇಡಿ!” ಮೆಹರು ಅಡ್ಡ ನಿಂತಳು. “ಹೊಸ ಜಾಕೆಟ್! ನನ್ನ ಪರೀಕ್ಷೆ ಮುಗೀಲಿ. ಆಮೇಲೆ ಇವರ ಗೋದಾಮಿಗೇ ಕರ್ಕೊಂಡು ಹೋಗಿ ಗ್ರೈಂಡರಲ್ಲಿ ಆ ನಟ್ಟು ಕೊಯ್ಸುವ. ಅಲ್ಲಿವರೆಗೆ ಇಲ್ಲೇ ಕೂತಿರ್ಲಿ.”

ಗಂಡನಿಗಿಂತ ಜಾಕೆಟ್ ಮೇಲೆ ಪ್ರೀತಿ. ವಿಕ್ಟರ್ ವ್ಯಾನಿನಿಂದ ಬೇರೆ ಜಾಕೆಟ್ ಕೊಟ್ಟರು. ಮೆಹರು ಅದರ ಪಟ್ಟಿಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಸಿಲಿಂಡರಿಗೆ ಕಟ್ಟಿ, ನನ್ನತ್ತ ಒಂದು ನೋಟ ಎಸೆದು ಕಡಲಿಗಿಳಿದಳು. ನಾನು ದಡದಲ್ಲಿ ಸಿಲಿಂಡರ್ ಸಮೇತ ಕೂತು ದುವಾ ಮಾಡಿದೆ. ಕಾಫಿ ತಂದ ನಸೀಮ, “ಪಪ್ಪಾ, ಡೋಂಟ್ ಮೂವ್,” ಎನ್ನುತ್ತ ಮೊಬೈಲಿನಲ್ಲಿ ಫೋಟೋ ತೆಗೆದಳು. ಅಲುಗಾಡುವುದಾದರೂ ಹೇಗೆ?

ಮೆಹರು ಮೇಲೆ ಬಂದಾಗ ಅವಳ ಮುಖ ನೋಡಬೇಕಿತ್ತು. “ಒಂದು ತೊರಕೆ ಮೀನು ನನ್ನ ಅಡಿಯಿಂದ್ಲೇ ಹೋಯ್ತು! ಸಿಲಿಂಡರ್ ಒಂದಿಂಚೂ ಅಲುಗಾಡ್ಲಿಲ್ಲ!” ಚಿಕ್ಕ ಹುಡುಗಿಯಂತೆ ಕೂಗುತ್ತಿದ್ದಳು. ನನಗೂ ಎಷ್ಟು ಖುಷಿಯಾಯಿತೆಂದರೆ ನಾನು ಕೂತಿರುವ ಅವಸ್ಥೆಯೇ ಮರೆತುಹೋಯಿತು.

ಆದರೆ ಪರೀಕ್ಷೆ ಮುಗಿದಿರಲಿಲ್ಲ. ಸುಸ್ತಾದ ಡೈವರನ್ನು ನೀರಿನ ಮೇಲೆ ಎಳೆದು ತರುವುದು ಬಾಕಿ ಇತ್ತು. ಉಳಿದವರೆಲ್ಲ ಜೋಡಿ ಜೋಡಿ. ಮೆಹರುವಿನ ಜೋಡಿ ಮುಹ್ಸಿನಾ ನೆಗಡಿಯೆಂದು ಬಂದೇ ಇರಲಿಲ್ಲ. ವಿಕ್ಟರ್ ಸುತ್ತ ನೋಡಿದರು. ಜಾಕೆಟ್, ಸಿಲಿಂಡರ್ ಸಮೇತ ಸರ್ವಾಲಂಕೃತನಾಗಿ ಕೂತಿದ್ದವನು ನಾನೊಬ್ಬನೇ.

“ಇಲ್ಲ! ಮಾಫಿ! ಆಗುದೇ ಇಲ್ಲ!” ಎಂದೆ, ಕನ್ನಡ ಅರಬ್ಬಿ ಎರಡರಲ್ಲೂ.

“ಎದೆ ಮಟ್ಟದ ನೀರು ಮಾತ್ರ. ಜಾಕೆಟಿಗೆ ಗಾಳಿ ತುಂಬ್ತೇನೆ, ನಾನೂ ಪಕ್ಕದಲ್ಲೇ ಇರ್ತೇನೆ. ಮುಳುಗ್ಲಿಕ್ಕೆ ಹೇಳಿದ್ರೂ ನಿಮಗೆ ಆಗುದಿಲ್ಲ,” ಎಂದರು ವಿಕ್ಟರ್.

ಮೆಹರು ನನ್ನನ್ನು ನೋಡಿದಳು. ಆ ನೋಟಕ್ಕೆ ನಾನು ಮದುವೆಯಾದಂದಿನಿಂದಲೂ ಇಲ್ಲ ಎಂದವನಲ್ಲ.

ನೀರು ಕಿವಿಗೆ ನುಗ್ಗಿದ್ದೇ ತಡ ನಾನು ಬೊಬ್ಬೆ ಹೊಡೆದದ್ದು ಜುಮೈರಾಕ್ಕೆಲ್ಲ ಕೇಳಿರಬೇಕು. ಕೈ ಬಡಿದೆ, ಕಾಲು ಝಾಡಿಸಿದೆ, ಅವಳ ಡೈವಿಂಗ್ ಮಾಸ್ಕನ್ನೇ ಕಿತ್ತೆ. ಅವಳು ಜಗ್ಗಲಿಲ್ಲ. “ಹೆದರ್ಬೇಡಿ, ಆಕಾಶ ನೋಡಿ, ನಾನಿದ್ದೇನೆ ಅಲ್ವಾ?” ಎನ್ನುತ್ತ ನನ್ನನ್ನು ಎಳೆದು ದಡ ಮುಟ್ಟಿಸಿಯೇಬಿಟ್ಟಳು. ಏನು ಹೆಂಗಸು ಮಾರಾಯ್ರೆ! ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. (ಜಾಕೆಟ್ ಉಬ್ಬಿದ್ದರಿಂದ ಹೊರಗೆ ಕಾಣಲಿಲ್ಲ.)

“ಪಾಸ್!” ಎಂದು ವಿಕ್ಟರ್ ಚಪ್ಪಾಳೆ ತಟ್ಟಿದರು. “ಇಷ್ಟು ನಿಜವಾಗಿ ಹೆದರಿದ ಆಳು ನನಗೆ ಈವರೆಗೆ ಸಿಕ್ಕಿರ್ಲಿಲ್ಲ. ಇವರೆಲ್ಲ ನಗ್ತಾ ನಗ್ತಾ ಎಳೆಸಿಕೊಳ್ತಾರೆ, ಅದೆಂತ ಪರೀಕ್ಷೆ?”

ನಾನು ಉಪ್ಪುನೀರು ಉಗುಳಿ ತಲೆ ಎತ್ತಿದೆ. ಅವರ ಹಿಂದೆ ಉಳಿದ ಶಿಷ್ಯರೆಲ್ಲ ಸಾಲಾಗಿ ನಿಂತು ನನ್ನನ್ನೇ ಆಸೆಯಿಂದ ನೋಡುತ್ತಿದ್ದರು.

“ಮೆಹರು, ಮನೆಗೆ ಹೋಗುವ,” ಎಂದೆ ಮೆಲ್ಲಗೆ.

ಅವಳು ಪ್ರೀತಿಯಿಂದ ನನ್ನ ಮುಖ ಒರೆಸಿ, ಜಾಕೆಟ್ಟಿಗೆ ಇನ್ನಷ್ಟು ಗಾಳಿ ತುಂಬಿದಳು. “ಹೋಗುವ, ಹೋಗುವ. ಆಗ ಬೊಬ್ಬೆ ಹೊಡೆದ್ರಲ್ಲ, ಹಾಗೇ ಇನ್ನೊಮ್ಮೆ ಹೊಡೀರಿ. ಪಾಪ, ಅವರೂ ಪಾಸಾಗ್ಲಿ.”