ಹೆಲ್ಮೆಟ್ಟಿನ ಮೇಲೆ ಮೂರು ಬೆರಳು

ಇಂದ:
ಖಾಜಾಸಾಬ, ವಯಸ್ಸು 54,
ಉದ್ಯೋಗ: ಓಟದ ಕಾರುಗಳಿಗೆ ಚಾಸಿ ಮತ್ತು ರೋಲ್ ಕೇಜ್ ಕಟ್ಟುವುದು,
ಲಕಮನಹಳ್ಳಿ ಇಂಡಸ್ಟ್ರಿಯಲ್ ಏರಿಯಾ, ಧಾರವಾಡ.
(ಬರೆದುಕೊಟ್ಟವರು: ನೀಲಕಂಠಪ್ಪ, ನಿವೃತ್ತ ಪ್ರಥಮ ದರ್ಜೆ ಸಹಾಯಕ, ಕಚೇರಿ ಎದುರಿನ ಬೇವಿನ ಮರದ ಕೆಳಗೆ.)

ಗೆ:
ಶ್ರೀಮತಿ ಶಹಜಹಾನಬೇಗಂ ಅವರು,
ಅರಫಾತನ ಅತ್ತೆ ಹಾಗೂ ಅಡುಗೆಮನೆಯ ಸರ್ವಾಧಿಕಾರಿಗಳು,
ಬೈರಿದೇವರಕೊಪ್ಪ, ಹುಬ್ಬಳ್ಳಿ.

ದಿನಾಂಕ: 7-2-2024, ಬುಧವಾರ.

ವಿಷಯ: ಅಳಿಯನಿಗೆ ಬಡಿಸಬೇಕಾದ ಐದನೆಯ ಜುಮಗಿ ಊಟವನ್ನು ಒಂದು ವಾರ ಮುಂದೂಡುವ ಕುರಿತು.

ಉಲ್ಲೇಖ:
1) ಈಗಾಗಲೇ ಜಾರಿಯಾಗಿರುವ ನಾಲ್ಕು ಶುಕ್ರವಾರಗಳ ಊಟ.
2) ದಿನಾಂಕ 5ರಂದು ವಿಡಿಯೋ ಕಾಲಿನಲ್ಲಿ ತಾವು ಆಡಿದ ಮಾತು.

ಮಾನ್ಯರೇ,

ಅರ್ಜಿದಾರನು ಹೇಳಿದ್ದನ್ನು ಕಚೇರಿ ಭಾಷೆಗೆ ತಿರುಗಿಸಿ ಬರೆಯಲಾಗಿದೆ. ಬಿರಿಯಾನಿಯ ವಿಷಯದಲ್ಲಿ ಬರಹಗಾರನಿಗೆ ಸ್ವಂತ ಅನುಭವ ಇಲ್ಲವಾದ ಕಾರಣ, ಆ ಭಾಗದಲ್ಲಿ ಅರ್ಜಿದಾರನ ಮಾತನ್ನೇ ನಂಬಲಾಗಿದೆ. ಮೂವತ್ತೊಂದು ವರ್ಷ ಸರ್ಕಾರಿ ಕಡತ ನೋಡಿದ ಬರಹಗಾರನಿಗೆ ಇಂಥ ಅರ್ಜಿ ಇದೇ ಮೊದಲು. ಆದರೂ ನಿಯಮ ನಿಯಮವೇ ಆಗಿರುವುದರಿಂದ ಅಂಶಗಳನ್ನು ಸಂಖ್ಯೆ ಹಾಕಿ ಕೊಡಲಾಗಿದೆ.

1. ಅರ್ಜಿದಾರನು ತಮ್ಮ ಅಳಿಯ ಅರಫಾತನ ಸೋದರಮಾವ. ಅರಫಾತನು ಡ್ರ್ಯಾಗ್ ರೇಸಿನಲ್ಲಿ ಕಾರು ಓಡಿಸುವವನು. ಅಂದರೆ ಎರಡು ಕಾರು ಪಕ್ಕಪಕ್ಕ ನಿಂತು, ನೇರ ದಾರಿಯಲ್ಲಿ ನಾಲ್ಕುನೂರಾ ಎರಡು ಮೀಟರ್ ಓಡುವುದು. ಹನ್ನೆರಡು ಸೆಕೆಂಡಿನ ಕೆಲಸ. ಇದನ್ನು ಮೊದಲ ಸಲ ತಮಗೆ ವಿವರಿಸಿದಾಗ ತಾವು, "ಖಾಜಾಭಾಯಿ, ಹನ್ನೆರಡ ಸೆಕೆಂಡಿನ್ಯಾಗ ಮುಗಿಯೂ ಕೆಲಸಕ್ಕ ಉಪಾಸ ಯಾಕ ಇರಬೇಕ್ರಿ? ಉಂಡ ಹೋದ್ರೂ ಲಗೂನ ಮುಟ್ಟತಾನಲ್ಲ" ಎಂದು ಕೇಳಿದಿರಿ. ಆ ಪ್ರಶ್ನೆಗೆ ಉತ್ತರ ಕೊಡಬೇಕಾಗಿದೆ. ಕಾರಣ ಈ ಅರ್ಜಿ.

2. ಕಾರು ಪಲ್ಟಿಯಾದರೆ ಒಳಗಿನವನ ಮೇಲೆ ಮಾಳಿಗೆ ಕುಸಿಯಬಾರದೆಂದು ಒಳಗೇ ಉಕ್ಕಿನ ಪೈಪಿನ ಚೌಕಟ್ಟು ಕಟ್ಟುತ್ತಾರೆ. ಅದೇ ರೋಲ್ ಕೇಜ್. ಬಗ್ಗಿಸುವಾಗ ಪೈಪು ಎಲ್ಲಿಯಾದರೂ ಚಪ್ಪಟೆಯಾದರೆ ಅದನ್ನು ಮೂಲೆಗೆ ಎಸೆಯುವುದೇ. ಪೈಪಿಗೆ ಪೈಪು ಕೂಡುವ ಕಡೆ ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆದು, ಬೆಳಕೂ ತೂರದಂತೆ ಕೂಡಿಸಿ, ಆಮೇಲೆ ವೆಲ್ಡಿಂಗ್. ಕೇಜನ್ನು ಅಂಗಿಯಂತೆ ಮೈ ಅಳತೆಗೆ ಕಟ್ಟುತ್ತಾರೆ. ಕಳೆದ ನವೆಂಬರಿನಲ್ಲಿ ಅರಫಾತನನ್ನು ಹೆಲ್ಮೆಟ್ ಹಾಕಿಸಿ ಸೀಟಿನಲ್ಲಿ ಕೂರಿಸಿ, ಹೆಲ್ಮೆಟ್ಟಿಗೂ ಮೇಲಿನ ಪೈಪಿಗೂ ನಡುವೆ ಮೂರು ಬೆರಳು ಬಿಟ್ಟು ಅರ್ಜಿದಾರನು ಅಳತೆ ತೆಗೆದುಕೊಂಡನು. ಟೇಪು ಇದ್ದರೂ ಅವನು ಬೆರಳನ್ನೇ ನಂಬುತ್ತಾನೆ. ಅಕ್ಕಿಯ ಮೇಲೆ ನೀರು ನಿಲ್ಲಿಸುವಾಗ ತಾವೂ ಬೆರಳನ್ನೇ ಅದ್ದಿ ನೋಡುವುದನ್ನು ಅವನು ಕಂಡಿದ್ದಾನೆ. ಅಳತೆ ತೆಗೆಯುವ ದಿನ ಮದುವೆಯ ದಿನಾಂಕ ಗೊತ್ತಿತ್ತು. ಮದುವೆಯ ಬೆನ್ನಿಗೇ ಜುಮಗಿ ಬರುತ್ತದೆಂಬುದೂ ಗೊತ್ತಿತ್ತು. ಇಷ್ಟು ಗೊತ್ತಿದ್ದೂ ಹೊಟ್ಟೆಗೆ ಜಾಗ ಬಿಡದೆ ಹೋದದ್ದು ತನ್ನದೇ ತಪ್ಪೆಂದು ಅವನು ಒಪ್ಪಿಕೊಳ್ಳುತ್ತಾನೆ.

3. ಡ್ರ್ಯಾಗ್ ಕಾರು ಹಗುರಿರಬೇಕು. ಆದ್ದರಿಂದ ಹಿಂದಿನ ಸೀಟು, ನೆಲಹಾಸು, ಹಾರ್ನು, ಕಿಟಕಿಯ ಗಾಜು ಎಲ್ಲವನ್ನೂ ಕಿತ್ತುಹಾಕಲಾಯಿತು. ಅಷ್ಟಕ್ಕೂ ಸಮಾಧಾನವಾಗದೆ ಅರ್ಜಿದಾರನು ಬ್ರಾಕೆಟ್ಟುಗಳಿಗೆ ಜಾಳಿಗೆಯಂತೆ ತೂತು ಕೊರೆದು ಮೂರು ತಿಂಗಳಲ್ಲಿ ಇನ್ನೂ ಒಂಬತ್ತು ಕಿಲೋ ಇಳಿಸಿದನು. ತಾವು ಒಂದು ಸೌಟು ಹಿಡಿದು ನಾಲ್ಕೇ ಶುಕ್ರವಾರದಲ್ಲಿ ಆ ಒಂಬತ್ತು ಕಿಲೋವನ್ನು ಕಾರಿಗೆ ಮರಳಿ ಹೇರಿದ್ದೀರಿ. ಇದನ್ನು ಹೇಳುವಾಗ ಅರ್ಜಿದಾರನ ದನಿಯಲ್ಲಿ ಸಿಟ್ಟಿಗಿಂತ ಗೌರವವೇ ಹೆಚ್ಚಿತ್ತು.

4. ಮದುವೆಯಾದ ಮೇಲೆ ಐದು ಶುಕ್ರವಾರ ಅಳಿಯನನ್ನು ಕರೆದು ಜುಮಗಿ ಉಣ್ಣಿಸುವುದು ತಮ್ಮ ಹಕ್ಕು. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಮೂರನೆಯ ಶುಕ್ರವಾರ ಅರಫಾತನು ಧೈರ್ಯ ಮಾಡಿ "ಸಾಕ್ರಿ ಅಮ್ಮಿ" ಎಂದಾಗ ತಾವು ಸೌಟು ಕೆಳಗಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನನ್ನ ಕೈ ರುಚಿ ಕೆಟ್ಟೇತಿ ಅಂತ ಕಾಣ್ತೇತಿ" ಎಂದಿರಿ. ಹುಡುಗ ಹೆದರಿ ಇನ್ನೆರಡು ತಟ್ಟೆ ಉಂಡನು. ಶೀರ್ ಕುರ್ಮಾ ಪಾಯಸವನ್ನು ಲೆಕ್ಕಕ್ಕೆ ಹಿಡಿದಿಲ್ಲ.

5. ಆದ್ದರಿಂದ ನಾಲ್ಕನೆಯ ಶುಕ್ರವಾರ ಅರ್ಜಿದಾರನು ತಾನೇ ವೀಕ್ಷಕನಾಗಿ ಬಂದನು. ಅಳಿಯನ ತಟ್ಟೆಗೆ ಎರಡನೆಯ ಸೌಟು ಬೀಳುವ ಮೊದಲೇ ಕೈ ಅಡ್ಡ ಹಿಡಿಯುವುದೆಂದು ದಾರಿಯುದ್ದಕ್ಕೂ ನಿಶ್ಚಯಿಸಿಕೊಂಡಿದ್ದನು. ಬಂದು, ಕುಳಿತು, ಮೂರು ತಟ್ಟೆ ತಿಂದು, ಎರಡು ಡಬ್ಬಿ ಕಟ್ಟಿಸಿಕೊಂಡು ಹೋದನು. ಈ ಸಂಗತಿಯಿಂದ ಅರ್ಜಿಯ ಬಲ ಕುಗ್ಗುತ್ತದೆಂದು ಬರಹಗಾರನು ಎಚ್ಚರಿಸಿದರೂ, "ಇರಲಿ ಬರೀರಿ ಸಾಹೇಬ್ರ, ಆ ಮಟನ್‌ಗೆ ಅನ್ಯಾಯ ಆಗಬಾರದು" ಎಂದು ಹಟ ಹಿಡಿದ ಕಾರಣ ಬರೆಯಲಾಗಿದೆ.

6. ಸೋಮವಾರ ಅರಫಾತನು ಕಾರಿನಲ್ಲಿ ಕೂತು ನೋಡಬೇಕಿತ್ತು. ಬಾಗಿಲಿಗೆ ಅಡ್ಡವಾಗಿ ಪೈಪು ಇರುವುದರಿಂದ ಒಳಗೆ ಹೋಗುವುದು ಕಿಟಕಿಯಿಂದಲೇ, ಕಾಲು ಮುಂದಾಗಿ. ಕಾಲು ಹೋಯಿತು, ತೊಡೆ ಹೋಯಿತು, ಸೊಂಟ ನಿಂತಿತು. ನಲವತ್ತು ನಿಮಿಷ ಅರಫಾತನು ಅರ್ಧ ಕಾರಿನಲ್ಲಿ, ಅರ್ಧ ಧಾರವಾಡದಲ್ಲಿ ಇದ್ದನು. ಆ ಹೊತ್ತಿಗೆ ಶೆಡ್ಡಿಗೆ ಡಬ್ಬಿ ತಂದಿದ್ದ ತಮ್ಮ ಮಗಳು ಶಾಯಿಸ್ತಾಳ ಫೋನಿಗೆ ತಾವು ವಿಡಿಯೋ ಕಾಲ್ ಮಾಡಿದಿರಿ. ಕಿಟಕಿಯಲ್ಲಿ ಸಿಕ್ಕಿಬಿದ್ದ ಅಳಿಯನನ್ನು ಕಂಡು ತಾವು ಆಡಿದ್ದು ಹೀಗೆ: "ಅಯ್ಯ ನನ್ನ ಕೂಸ, ಎಷ್ಟ ಸೊರಗ್ಯಾನ! ಖಾಜಾಭಾಯಿ ಊಟಾ ಹಾಕೂದಿಲ್ಲೇನ?" (ಉಲ್ಲೇಖ 2 ನೋಡುವುದು.)

ಕೊನೆಗೆ ಎಣ್ಣೆ ಸವರಿ ಒಳಗೆ ತಳ್ಳಲಾಯಿತು. ಓಟದ ಸೀಟು ತೊಟ್ಟಿಲಿನ ಹಾಗೆ ಇಕ್ಕಟ್ಟು. ಸೊಂಟ ಕೆಳಗಿಳಿಯಲಿಲ್ಲ. ಮೈ ಸೀಟಿನ ಮೇಲೆಯೇ ನಿಂತಿತು, ಹೆಲ್ಮೆಟ್ಟು ಹೋಗಿ ಪೈಪಿಗೆ ತಾಗಿತು. ಅರ್ಜಿದಾರನು ನಡುವೆ ಬೆರಳು ಇಡಲು ನೋಡಿದನು. ಒಂದೂ ಹೋಗಲಿಲ್ಲ.

7. ಬೇರೆ ದಾರಿಗಳನ್ನು ಪರಿಶೀಲಿಸಲಾಗಿದೆ.
(ಅ) ಸೀಟು ಇಳಿಸುವುದು: ಅದು ಈಗಾಗಲೇ ತಳಕ್ಕೆ ಹತ್ತಿದೆ. ಅದರ ಕೆಳಗೆ ರಸ್ತೆ.
(ಆ) ಪೈಪು ಕತ್ತರಿಸಿ ಎತ್ತರಿಸುವುದು: ಮನುಷ್ಯನ ತಲೆಯ ಮೇಲೆ ತೇಪೆ ಹಾಕಿದ ಪೈಪನ್ನು ಅರ್ಜಿದಾರನು ಇದುವರೆಗೆ ಇಟ್ಟಿಲ್ಲ, ಇಡುವುದೂ ಇಲ್ಲ.
(ಇ) ಅರಫಾತನ ಸಲಹೆ: "ಹೆಲ್ಮೆಟ್ ತಗದ್ರ ಮೂರ ಬೆರಳ ಆರಾಮ ಹೋಗತಾವ ನೋಡ್ರಿ ಮಾಮೂ." ಇದಕ್ಕೆ ಅರ್ಜಿದಾರನು ಕೊಟ್ಟ ಉತ್ತರವನ್ನು ಹೆಂಗಸರು ಓದುವ ಅರ್ಜಿಯಲ್ಲಿ ಬರೆಯಲಾಗದು.
ಸೀಟಿನ ಸ್ಪಂಜು ಕಿತ್ತು, ಹುಡುಗನನ್ನು ಮುಂಜಾನೆ ಲಕಮನಹಳ್ಳಿ ಸುತ್ತ ಓಡಿಸಿ, ಮಜ್ಜಿಗೆಯ ಮೇಲೆ ಇಟ್ಟು, ಇಂದು ಬೆಳಿಗ್ಗೆ ಒಂದು ಬೆರಳು ಹೋಗಿದೆ. ಎರಡು ಬಾಕಿ. ಓಟ ಬರುವ ಭಾನುವಾರ, 11ಕ್ಕೆ. ತಮ್ಮ ಐದನೆಯ ಜುಮಗಿ ಶುಕ್ರವಾರ, 9ಕ್ಕೆ.

8. ಇಷ್ಟಕ್ಕೆ ಅರ್ಜಿ ಮುಗಿಯಬೇಕಿತ್ತು. ಬರಹಗಾರನು "ಆದ್ದರಿಂದ" ಎಂದು ಬರೆಯಲು ಪೆನ್ನು ಊರಿದಾಗ ಅರ್ಜಿದಾರನು, "ತಡೀರಿ ಸಾಹೇಬ್ರ, ಇನ್ನೊಂದು ಐತಿ" ಎಂದನು. ಎರಡು ಚಹಾ ತರಿಸಲಾಯಿತು.

ಸಂಬಂಧ ನೋಡಲು ತಾವು ಮನೆಗೆ ಬಂದ ದಿನ ಅರಫಾತನ ಕುತ್ತಿಗೆಗೆ ಪಟ್ಟಿ ಇತ್ತು. ತಾವು ಕೇಳಿದ್ದಕ್ಕೆ ಅವನ ತಾಯಿ ಮೌಲಾಬಿ, "ಬಚ್ಚಲದಾಗ ಜಾರಿ ಬಿದ್ದಾನ್ರಿ" ಎಂದಳು. ಅರ್ಜಿದಾರನು ಆಗ ತನ್ನ ಕೈಯಲ್ಲಿದ್ದ ಚಹಾದ ಬಸಿಯನ್ನೇ ನೋಡುತ್ತ ಕುಳಿತಿದ್ದನು. ಅರಫಾತನು ಬಚ್ಚಲಲ್ಲಿ ಬಿದ್ದಿರಲಿಲ್ಲ. ಕಳೆದ ವರ್ಷದ ಓಟದಲ್ಲಿ ಗೆರೆ ದಾಟಿದ ಮೇಲೆ ಬ್ರೇಕು ಒತ್ತಿದಾಗ ಕಾರಿನ ಹಿಂಭಾಗ ತಿರುಗಿ, ಮೂರು ಪಲ್ಟಿ ಹೊಡೆದು, ಚಕ್ರ ಮೇಲಾಗಿ ಬಿದ್ದಿತ್ತು. ಅದೂ ಅರ್ಜಿದಾರನು ಕಟ್ಟಿದ ಕಾರೇ. ಆ ನಾಲ್ಕುನೂರು ಮೀಟರನ್ನು ತಾನು ಹೇಗೆ ಓಡಿದೆನೆಂದು ಅರ್ಜಿದಾರನಿಗೆ ನೆನಪಿಲ್ಲ. ಹುಡುಗ ಬೆಲ್ಟಿನಲ್ಲಿ ತಲೆಕೆಳಗಾಗಿ ಜೋತಾಡುತ್ತಿದ್ದನು. ಮಾವನ ಮುಖ ಕಂಡವನೇ ಮೊದಲು ಕೇಳಿದ್ದು, "ಮಾಮೂ, ಟೈಮ್ ಎಷ್ಟ ಬಂತ್ರಿ?" ಅವನನ್ನು ಹೊರಗೆಳೆದು, ಒಂದು ಕಪಾಳಕ್ಕೆ ಬಿಟ್ಟು, ಅಪ್ಪಿಕೊಂಡು, ಅರ್ಜಿದಾರನು ಎಲ್ಲರೆದುರು ಅತ್ತನು.

ಮಾಳಿಗೆ ಕಾಗದದ ಹಾಗೆ ಮುದುಡಿತ್ತು. ಪೈಪು ಕದಲಿರಲಿಲ್ಲ. ಮರುದಿನ ಅವನು ಅದೇ ಹೆಲ್ಮೆಟ್ಟನ್ನು ಸೀಟಿನ ಮೇಲೆ ಅದೇ ಎತ್ತರಕ್ಕೆ ಹಿಡಿದು ನಡುವೆ ಕೈ ಇಟ್ಟನು. ಮೂರು ಬೆರಳು ಹೋದವು. ಅಕ್ಕನ ಮಗ ಉಳಿದದ್ದು ಆ ಮೂರು ಬೆರಳಿನ ಜಾಗದಲ್ಲಿ. ಅಂದಿನಿಂದ ಅವನಿಗೆ ಆ ಅಳತೆಯ ಮೇಲೆ ಪ್ರೀತಿಯೂ ಇದೆ, ಭಯವೂ ಇದೆ.

ಇದನ್ನು ಬರೆದರೆ ಬೀಗತಿಯವರು ಓಟವನ್ನೇ ನಿಲ್ಲಿಸಬಹುದಲ್ಲ ಎಂದು ಬರಹಗಾರನು ಕೇಳಿದನು. "ನಿಲ್ಲಿಸಲಿ ಬಿಡ್ರಿ. ಹೆಣ್ಣ ಕೊಟ್ಟು ತಗೊಂಡ ಮ್ಯಾಲ ಅವರಿಗೂ ಗೊತ್ತಿರಬೇಕು. ಒಂದ ಸಲ ಸುಮ್ಮನ ಕುಂತೇನಿ, ಸಾಕಾಗೇತಿ" ಎಂದನು. ಬರಹಗಾರನು ತಿದ್ದುಪಡಿ ಇಲ್ಲದೆ ಬರೆದಿದ್ದಾನೆ.

ಆದ್ದರಿಂದ, ಮೇಲ್ಕಾಣಿಸಿದ ಎಲ್ಲ ಕಾರಣಗಳಿಂದಾಗಿ, ತಾವು ದೊಡ್ಡ ಮನಸ್ಸು ಮಾಡಿ:

(ಕ) ಐದನೆಯ ಜುಮಗಿಯನ್ನು 16ನೆಯ ತಾರೀಖಿನ ಶುಕ್ರವಾರಕ್ಕೆ ಮುಂದೂಡಬೇಕು. ಅಂದು ಅಳಿಯನಿಗೆ ತಾವು ಎಷ್ಟು ಬಡಿಸಿದರೂ ಆಕ್ಷೇಪವಿರುವುದಿಲ್ಲ. ಬಾಕಿ ಉಳಿದ ಸೌಟುಗಳನ್ನೂ ಸೇರಿಸಬಹುದು.

(ಖ) ಶಾಯಿಸ್ತಾಳ ಕೈಯಲ್ಲಿ ದಿನಾಲೂ ಬರುತ್ತಿರುವ ಡಬ್ಬಿಯನ್ನು ಭಾನುವಾರದವರೆಗೆ ಅಮಾನತಿನಲ್ಲಿಡಬೇಕು.

(ಗ) ಶನಿವಾರ ಹತ್ತು ಗಂಟೆಗೆ ತಾವೇ ಲಕಮನಹಳ್ಳಿಯ ಶೆಡ್ಡಿಗೆ ಬಂದು, ಅಳಿಯನ ಹೆಲ್ಮೆಟ್ಟಿಗೂ ಪೈಪಿಗೂ ನಡುವೆ ತಮ್ಮ ಬೆರಳು ಇಟ್ಟು ನೋಡಬೇಕು. ಮೂರು ಬೆರಳು ಹೋದರೆ, ಮತ್ತು ಅಂಶ 8ನ್ನು ಓದಿದ ಮೇಲೂ ತಾವು ಒಪ್ಪಿದರೆ, ಕಾರು ಹೊರಡುತ್ತದೆ. ಎರಡೂವರೆ ಹೋದರೆ ಕೀಲಿ ತಮ್ಮ ಕೈಗೆ. ಅದನ್ನು ತಾವು ಅಕ್ಕಿ ಡಬ್ಬಿಯಲ್ಲಿ ಇಟ್ಟುಕೊಂಡರೂ ಅರ್ಜಿದಾರನು ಕೇಳುವುದಿಲ್ಲ.

ತಾನೇ ನೋಡಬಾರದೇಕೆ ಎಂದರೆ, ಅವನಿಗೆ ಕಾರು ಓಡಬೇಕೆಂಬ ಆಸೆ ಬಹಳ. ಇಂದು ಬೆಳಿಗ್ಗೆ ಒಂದು ಬೆರಳು ಹೋದಾಗ ಎರಡನೆಯದನ್ನು ತಾನು ತುರುಕಲು ನೋಡಿದ್ದನ್ನು ಅವನೇ ಗಮನಿಸಿದ್ದಾನೆ. ಆದಕಾರಣ ಈ ಓಟದ ಮಟ್ಟಿಗೆ ತನ್ನ ಬೆರಳನ್ನು ತಾನು ನಂಬುವುದಿಲ್ಲ, ತಮ್ಮ ಬೆರಳನ್ನು ನಂಬುತ್ತಾನೆ.

ಇಂತಿ, ಅಂಶ 8ರ ನಂತರವೂ ವಿಶ್ವಾಸ ಉಳಿದಿದ್ದಲ್ಲಿ,
ತಮ್ಮ ವಿಶ್ವಾಸಿ,
ಖಾಜಾಸಾಬ (ಸಹಿ, ಜೊತೆಗೆ ಗ್ರೀಸಿನ ಹೆಬ್ಬೆಟ್ಟು, ಅದು ಕೇಳದೆಯೇ ಬಿದ್ದದ್ದು)

ಲಗತ್ತುಗಳು:
1. ಕೇಜಿಗೆ ಬಳಸಿದ ಪೈಪಿನ ತುಂಡು, ಒಂದು. ತಾವು ಬಗ್ಗಿಸಿ ನೋಡಬಹುದು.
2. ಖಾಲಿ ಡಬ್ಬಿಗಳು, ಏಳು, ತೊಳೆದವು.
3. ಕುತ್ತಿಗೆ ಪಟ್ಟಿ, ಒಂದು. ಬಚ್ಚಲಿಗೆ ಸಂಬಂಧಿಸಿದ್ದಲ್ಲ.

ವಿಶೇಷ ಸೂಚನೆ: ಶನಿವಾರ ಬರುವಾಗ ಊಟ ಕಟ್ಟಿಕೊಂಡು ಬರಬಾರದಾಗಿ ವಿನಂತಿ. ತಂದೇ ತಂದರೆ, ಅಳತೆ ಮುಗಿಯುವವರೆಗೆ ಅದನ್ನು ಅರ್ಜಿದಾರನ ವಶಕ್ಕೆ ಕೊಡತಕ್ಕದ್ದು. ಮರಳಿ ಸಿಗುವ ಭರವಸೆ ಇಲ್ಲ.